ಉಣ್ಣೆ ಸ್ವೆಟರ್ ಕುಗ್ಗುವುದೇಕೆ?

ಪ್ರಶ್ನೆ: ನಾನೇ ಹೆಣೆದ ಉಣ್ಣೆ ಸ್ವೆಟರ್ ಬಿಸಿನೀರಲ್ಲಿ ಒಗೆದ ಮೇಲೆ ಕುಗ್ಗಿತು. ಅಕ್ರಿಲಿಕ್ ನೂಲಿನದು ಹಾಗಾಗಲಿಲ್ಲ. ಏಕೆ?
– ಓದುಗರೊಬ್ಬರು, ವಿದ್ಯಾಗಿರಿ, ಬಾಗಲಕೋಟೆ

ಉತ್ತರ: ಕುರಿಯ ಪ್ರತಿ ಕೂದಲ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿವೆ. ಅವುಗಳ ಅಂಚೆಲ್ಲ ಕೂದಲಿನ ತುದಿಯತ್ತ. ಗೋಧಿ ತೆನೆಯನ್ನು ಬುಡದಿಂದ ತುದಿಗೆ ಸವರಿದರೆ ನುಣುಪು, ಹಿಂದಕ್ಕೆ ಸವರಿದರೆ ಕೈಗೆ ತೊಡರುತ್ತದಲ್ಲ, ಇದೂ ಹಾಗೆಯೇ. ಬಿಸಿನೀರು, ಸೋಪು ಸೇರಿದಾಗ ಎಳೆ ಉಬ್ಬಿ ಮೆತ್ತಗಾಗುತ್ತದೆ. ತಿಕ್ಕಿದಂತೆಲ್ಲ ಒಂದೇ ದಿಕ್ಕಿಗೆ ಜರುಗುತ್ತದೆ, ಹಿಂದಿರುಗದಂತೆ ಪಕ್ಕದ ಹುರುಪೆ ಹಿಡಿಯುತ್ತದೆ. ಎಳೆಗಳು ಹೀಗೆ ಹೆಣೆದುಕೊಂಡು ಬಟ್ಟೆ ದಪ್ಪಗಾಗಿ ಕುಗ್ಗುತ್ತದೆ. ಅಕ್ರಿಲಿಕ್ಕಿಗೆ ಹುರುಪೆಯೇ ಇಲ್ಲ.

ನಿಮ್ಮ ಸೀಮೆಯ ಕುರುಬರು ದಖನಿ ಕುರಿಯ ಉಣ್ಣೆಯಲ್ಲಿ ನೇಯುವ ಕಂಬಳಿಯ ಒತ್ತಾದ ಮೈಗೂ ಈ ಹಿಡಿತವೇ ನೆರವು.

ಇನ್ನು ಮುಂದೆ ತಣ್ಣೀರಲ್ಲಿ ಅದ್ದಿ, ತಿಕ್ಕದೆ, ಹಿಂಡದೆ, ನೆರಳಲ್ಲಿ ಹಾಸಿ ಒಣಗಿಸಿ.