ಮಲೆ, ಹೊಳೆ, ಕಡಲು: ಇವುಗಳ ಜೀವಸಂಬಂಧ

ಬೆಳಗಾವಿಯ ಖಾಸಬಾಗದಲ್ಲಿ ಮಗ್ಗ ನಡೆಸುವ ನೇಕಾರನಿಗೂ ಮಲೆಯ ಕಾಡಿಗೂ ಏನು ಸಂಬಂಧವೆಂದು ಕೇಳುವವರುಂಟು. ನಗರದವರು ಕುಡಿಯುವ ನೀರಿನ ಒಂದು ಪಾಲು ರಾಕಸಕೊಪ್ಪದ ಜಲಾಶಯದಿಂದ ಬರುವ ಮಾರ್ಕಂಡೇಯ ಹೊಳೆಯ ನೀರು. ಆ ಹೊಳೆಯ ತಾಯಿ ಪಡುವಣ ಬೆಟ್ಟಸೀಮೆ. ಅದೇ ಸೀಮೆಯ ಖಾನಾಪುರ ತಾಲೂಕಿನಲ್ಲಿ, ಕಣಕುಂಬಿಯಲ್ಲಿ ಮಲಪ್ರಭೆಯೂ ದೇಗಾಂವದ ಬಳಿ ಮಹದಾಯಿಯೂ ಹುಟ್ಟುತ್ತವೆ. ಮಲಪ್ರಭೆಯು ಮೂಡಣಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವದು. ಮಹದಾಯಿಯು ಗೋವೆಗಿಳಿದು, ಮಾಂಡೋವಿಯೆನಿಸಿ, ಪಣಜಿಯ ಬಳಿ ಕಡಲನ್ನು ಸೇರುವದು. ಅಲ್ಲಿ ಒಕ್ಕಲಿಗರು ಒಡ್ಡು-ತೂಬುಗಳಿಂದ ಉಪ್ಪುನೀರನ್ನು ತಡೆದು ಖಾಜಣ ಗದ್ದೆಗಳಲ್ಲಿ ಭತ್ತ ಬೆಳೆಯುತ್ತ ಬಂದಿರುವರು.

ಹೀಗೆ ಮಲೆ, ಹೊಳೆ, ಕಡಲುಗಳನ್ನು ಒಂದಾಗಿ ಪರೀಕ್ಷಿಸುವ ಕಾರ್ಯವು ನೆರೆಯ ಉತ್ತರ ಕನ್ನಡ ಜಿಲ್ಲೆಯಲ್ಲಿ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಶರಾವತಿ, ಅಘನಾಶಿನಿ ಮೊದಲಾದ ಹೊಳೆಗಳನ್ನು ಶೋಧಿಸಿ ಎರಡು ಸಂಗತಿಗಳನ್ನು ಕಂಡರು. ನಾಡಗಿಡಗಳ ದಟ್ಟ ಕಾಡುಳ್ಳ ಹಳ್ಳಗಳು ವರ್ಷವಿಡೀ ಹರಿದವು. ಕಾಡಳಿದ ಹಳ್ಳಗಳು ಬೇಸಿಗೆಗೆ ಮುನ್ನವೇ ಬತ್ತಿದವು. ವಿದ್ಯುತ್ತಿಗಾಗಿ ಕಟ್ಟೆ ಕಟ್ಟಿದ ಶರಾವತಿಯ ಅಳಿವೆಯಲ್ಲಿ ಸಿಹಿನೀರು ಹೆಚ್ಚಿ, ಉಪ್ಪಿನಂಶ ತಗ್ಗಿ, ಚಿಪ್ಪುಮೀನುಗಳು ಕ್ಷೀಣಿಸಿದವು. ದೊಡ್ಡ ಕಟ್ಟೆಯಿಲ್ಲದ ಅಘನಾಶಿನಿಯಲ್ಲಿಯಾದರೋ ಅವನ್ನು ಆಯ್ದು ಜೀವಿಸುವ ಕುಟುಂಬಗಳು ಅನೇಕ. ಈ ಅಳಿವೆಯು 2024ರಲ್ಲಿ ರಾಮ್ಸಾರ್ ತಾಣವೆಂದು ಅಂಗೀಕೃತವಾಯಿತು.

ಇದರಿಂದ ನಾವು ತಿಳಿಯಬೇಕಾದುದೇನೆಂದರೆ, ಮಲೆಯಲ್ಲಿ ಮಾಡಿದ ಹಾನಿಯ ಫಲವನ್ನು ಮೊದಲು ಉಣ್ಣುವವನು ಕಡಲಿನ ಬೆಸ್ತನಲ್ಲ, ಕೆಳಗದ್ದೆಯ ಒಕ್ಕಲಿಗನು. ಹಳ್ಳದ ದಂಡೆಯ ಮರಗಳನ್ನು ಕಡಿದು ಒಂದೆರಡು ಗುಂಟೆ ಗದ್ದೆ ಹೆಚ್ಚಿಸಿಕೊಂಡವನು ಬೇಸಿಗೆಯ ನೀರನ್ನೂ ದಂಡೆಯ ಮಣ್ಣನ್ನೂ ಕಳೆದುಕೊಳ್ಳುವನು. 2011ರಲ್ಲಿ ಭೀಮಗಡವು ವನ್ಯಜೀವಿಧಾಮವಾಯಿತು. ಆ ಸೀಮೆಯ ಬಾರಾಪೆಡೆ ಗುಹೆಗಳಲ್ಲಿ ವಾಸಿಸುವ ಅಪೂರ್ವ ಬಾವಲಿಗಳು ಕೀಟಾಹಾರಿಗಳು. ಆದರೆ ಧಾಮದ ಎಲ್ಲೆಯ ಹೊರಗಿನ ಹಳ್ಳ, ಕೆರೆ, ಬೇಲಿಗಳ ಕಾವಲು ಗ್ರಾಮಸ್ಥರದೇ.

ಜೀವವೈವಿಧ್ಯವನ್ನು ಕುರಿತ 2002ರ ಕಾಯಿದೆಯ ಮೇರೆಗೆ ಪ್ರತಿಯೊಂದು ಗ್ರಾಮ ಪಂಚಾಯತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿದ್ದು, ಊರಿನ ಜೀವರಾಶಿಯ ದಾಖಲೆಯನ್ನು ಇಡತಕ್ಕದ್ದು. ಗ್ರಾಮಪ್ರಮುಖರು ಈ ದಾಖಲೆಯನ್ನು ಕಪಾಟಿನ ಕಾಗದವಾಗಗೊಡದೆ, ಊರಿನ ಹಿರಿಯರನ್ನೂ ಮೀನು ಹಿಡಿಯುವವರನ್ನೂ ಮದ್ದಿನ ಬೇರು ಬಲ್ಲ ಹೆಂಗಸರನ್ನೂ ಕೂಡಿಸಿ ಕೇಳಬೇಕು: ಯಾವ ಹಳ್ಳವು ಯಾವ ತಿಂಗಳು ಬತ್ತುವದು? ಯಾವ ಮೀನು ಈಗ ಕಾಣದು? ಯಾವ ಹಳೆಯ ಭತ್ತದ ಬೀಜವು ಯಾರ ಮನೆಯಲ್ಲಿ ಉಳಿದಿದೆ? ಪ್ರತಿವರ್ಷವೂ ಇದನ್ನು ಬರೆದಿಟ್ಟರೆ ಹಾನಿಯು ಎಲ್ಲಿ ಮೊದಲಾಯಿತೆಂಬುದು ತಿಳಿದು, ಅದನ್ನು ತಡೆಯುವದು ಸುಲಭವಾಗುವದು.