ಮೂಲೆಗೊಂದು ಹೂವು, ಚೌಕಕ್ಕೊಂದು ಗಂಟು

ಉತ್ತರ ಕನ್ನಡದ ಸಿದ್ದಿಯರ ಕೌದಿ ಕೈಗೆ ಸಿಕ್ಕರೆ ಮೊದಲು ಅದರ ಮೂಲೆ ನೋಡಬೇಕು. ಬಟ್ಟೆಯ ಚೂರನ್ನು ತ್ರಿಕೋನವಾಗಿ ಮಡಿಸಿ, ಪದರದ ಮೇಲೆ ಪದರ ಕೂರಿಸಿ ಹೊಲಿದ ದಪ್ಪನೆಯ ಪುಟ್ಟ ತುಂಡೊಂದು ನಾಲ್ಕು ಮೂಲೆಗಳಲ್ಲೂ ಇರುತ್ತದೆ. ಅದನ್ನು ಫುಲಾ ಎನ್ನುತ್ತಾರೆ. ಹೊದ್ದವರಿಗೆ ಅದರಿಂದ ಬೆಚ್ಚಗಾಗುವುದಿಲ್ಲ. ಅದಿಲ್ಲದಿದ್ದರೆ ಕೌದಿ ಬೇಗ ಹರಿಯುತ್ತದೆ ಎಂದೂ ಇಲ್ಲ. ಆದರೂ ಫುಲಾ ಹಚ್ಚುವ ತನಕ ಕೌದಿ ಬೆತ್ತಲೆ ಎಂದೇ ಸಿದ್ದಿ ಹೆಂಗಸರ ಎಣಿಕೆ. ಹರಿದ ಸೀರೆ, ಸವೆದ ಲುಂಗಿ, ಮಗ ಹಾಕಿ ಬಿಟ್ಟ ಶಾಲೆಯ ಅಂಗಿ ಸೇರಿಸಿ ಹೊಲಿದ ಹೊದಿಕೆಗೂ ಮೈಮುಚ್ಚುವ ಮರ್ಯಾದೆ ಬೇಕು ಎಂದ ಈ ಮನಸ್ಸಿನ ಬಗ್ಗೆಯೇ ಒಂದು ಪುಸ್ತಕ ಬರೆಯಬಹುದು.

ಹಳಿಯಾಳ, ಮುಂಡಗೋಡ, ಜೋಯಿಡಾ, ಯಲ್ಲಾಪುರದ ಕಾಡಂಚಿನ ಸಿದ್ದಿ ಮನೆಗಳಲ್ಲಿ ಕೌದಿ ಹೊಲಿಯಲು ಚೌಕಟ್ಟಿಲ್ಲ, ಅಳತೆ ಪಟ್ಟಿಯಿಲ್ಲ, ಸೀಮೆಸುಣ್ಣದ ಗೆರೆಯೂ ಇಲ್ಲ. ಅಡಿಗೆ ಒಂದು ಹಳೆ ಸೀರೆಯನ್ನು ನೆಲದ ಮೇಲೆ ಹಾಸುತ್ತಾರೆ. ಒಂದು ಮೂಲೆಯಿಂದ ಶುರು. ತುಂಡಿನ ಅಂಚನ್ನು ಒಳಕ್ಕೆ ಮಡಚಿ, ಅಂಚಿಗಂಟಿಯೇ ಒಂದರ ಪಕ್ಕ ಒಂದು, ಒಂದರ ಮೇಲೆ ಒಂದಿಷ್ಟು ಹತ್ತಿಸಿ, ಎಲ್ಲ ಪದರಗಳೂ ಸಿಗುವಂತೆ ಸಾಲು ಸಾಲಾಗಿ ಸೂಜಿ ಓಡಿಸುತ್ತಾರೆ. ನಾಲ್ಕೂ ಬದಿ ಸುತ್ತಿ ಬಂದ ಮೇಲೆ ಅದರೊಳಗೆ ಇನ್ನೊಂದು ಸುತ್ತು. ಹೀಗೆ ಸುತ್ತುತ್ತ ಸುತ್ತುತ್ತ ಹೊಲಿಗೆ ನಡುವಿಗೆ ಬಂದು ಮುಗಿಯುತ್ತದೆ. ಮುಂದಿನ ತುಂಡು ಯಾವುದು ಎಂಬುದು ಹಿಂದಿನ ತುಂಡು ಹೊಲಿದ ಮೇಲೆ ತೀರ್ಮಾನ. ಕೆಂಪಿನ ಪಕ್ಕ ಹಸಿರು ಬಂದರೆ ಅದರಾಚೆ ಏನು? ಆ ಹೆಂಗಸು ರಾಶಿಗೆ ಕೈಹಾಕಿ, ಒಂದನ್ನು ತೆಗೆದು, ಬೇಡವೆಂದು ಬಿಸುಟು, ಇನ್ನೊಂದನ್ನು ಇಡುತ್ತಾಳೆ. ಆ ಬಿಸುಟ ತುಂಡಿನಲ್ಲೇ ವಿನ್ಯಾಸದ ಪಾಠವಿದೆ ಎಂದು ನನಗೆ ಅನ್ನಿಸುತ್ತದೆ. ಕೂಸಿನ ಕೌದಿಯಾದರೆ ಚಿಕ್ಕ ಚಿಕ್ಕ ತುಂಡು, ಗಾಢ ಬಣ್ಣ. ಕ್ರೈಸ್ತ ಸಿದ್ದಿಯರ ಕೌದಿಯಲ್ಲಿ ಶಿಲುಬೆ ಕಾಣಬಹುದು, ಮುಸ್ಲಿಂ ಸಿದ್ದಿಯರದರಲ್ಲಿ ಅರ್ಧಚಂದ್ರ.

ಸಿದ್ದಿಯರ ಹಿರಿಯರಲ್ಲಿ ಬಹುಪಾಲು ಜನ ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ಬಂದವರು. ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರೂ ಅವರಲ್ಲಿದ್ದರು. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಈ ಕೌದಿಗಳನ್ನು ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದಲ್ಲಿ ಅವು ಪ್ರದರ್ಶನಗೊಂಡವು. ಹಾರ್ಲೆಮ್‌ನ ಜನ ಇವನ್ನು ಕಲೆಯೆಂದು ನಿಂತು ನೋಡಿದರು.

ಈಗ ಜವಳಿ ವಿನ್ಯಾಸದ ತರಗತಿಯ ಕಡೆ ಬರೋಣ. ಬೆಂಗಳೂರಿನಲ್ಲಿ 1997ರಿಂದ ಫ್ಯಾಷನ್ ತಂತ್ರಜ್ಞಾನ ಕಲಿಸುವ ನಿಫ್ಟ್ ಇದೆ, ಗದಗ-ಬೆಟಗೇರಿಯಲ್ಲಿ ಕೈಮಗ್ಗ ತಂತ್ರಜ್ಞಾನ ಕಲಿಸುವ ಸಂಸ್ಥೆ ಇದೆ. ಇಂಥ ಕಡೆ ಕಲಿಕೆ ಪೆನ್ಸಿಲ್ಲಿನಿಂದ ಶುರು. ಒಂದು ಎಲೆ, ಒಂದು ಮಾವಿನಕಾಯಿ, ಒಂದು ನವಿಲು ಬರೆಸುತ್ತಾರೆ. ಆಮೇಲೆ ಅದೇ ಚಿತ್ರ ಬಟ್ಟೆಯುದ್ದಕ್ಕೂ ಮರಳಿ ಮರಳಿ ಬರುವಂತೆ ಕೂರಿಸಬೇಕು. ನೇರ ಸಾಲಿನಲ್ಲಿಡಬಹುದು, ಪಕ್ಕದ ಸಾಲನ್ನು ಅರ್ಧ ಇಳಿಸಬಹುದು, ಕನ್ನಡಿಯಂತೆ ತಿರುಗಿಸಬಹುದು. ಕಾಗದದ ಮೇಲೆ ವಾರ ಹಿಡಿಯುವ ಈ ಕೆಲಸ ಕಂಪ್ಯೂಟರಿನಲ್ಲಿ ಕ್ಷಣದ್ದು. ಬಣ್ಣ ಬದಲಿಸಿ ಹತ್ತು ಬಗೆ ಮಾಡಿ ನೋಡುವುದೂ ಹಾಗೆಯೇ. ನೇಯ್ಗೆಗೆ ಹೋಗುವ ನಕ್ಷೆಯಾದರೆ ಗ್ರಾಫ್ ಹಾಳೆಗೆ ಇಳಿಯಲೇಬೇಕು. ನಿಂತ ಸಾಲು ಹಾಸಿನ ಎಳೆ, ಅಡ್ಡ ಸಾಲು ಹೊಕ್ಕಿನ ಎಳೆ. ಬಣ್ಣ ತುಂಬಿದ ಚೌಕವಿದ್ದಲ್ಲಿ ಹಾಸಿನ ಎಳೆ ಮೇಲೇಳಬೇಕು. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ರೂಪಿಸಿದ ಯಂತ್ರಕ್ಕೆ ಇದನ್ನೇ ರಟ್ಟಿನ ಕಾರ್ಡಿನಲ್ಲಿ ತೂತು ಹೊಡೆದು ಹೇಳುತ್ತಿದ್ದರು. ತೂತು ಇದೆ, ತೂತು ಇಲ್ಲ ಎಂಬ ಆ ಎರಡೇ ಮಾತಿನ ಭಾಷೆಯನ್ನೇ ಕಂಪ್ಯೂಟರ್ ಇಂದಿಗೂ ಆಡುತ್ತಿದೆ.

ಈ ಚೌಕದ ಪಾಠ ಕಲಿಯಲು ಮುಂಡಗೋಡಿಗಿಂತ ಒಳ್ಳೆಯ ಊರು ಇನ್ನೊಂದಿಲ್ಲ. ಇಲ್ಲಿನ ಟಿಬೆಟನ್ ಕಾಲೊನಿ ಹುಟ್ಟಿದ್ದು 1966ರಲ್ಲಿ. ನಿರಾಶ್ರಿತರ ಜೊತೆ ರತ್ನಗಂಬಳಿಯ ನೇಯ್ಗೆಯೂ ಬಂತು. ಟಿಬೆಟನ್ ನೇಯ್ಗೆಯಲ್ಲಿ ಮಗ್ಗದ ಮುಂದೆ ಅಡ್ಡಲಾಗಿ ಒಂದು ಸರಳು ಇಡುತ್ತಾರೆ. ಉಣ್ಣೆಯ ಎಳೆಯನ್ನು ಹಾಸಿನ ಎಳೆಗಳಿಗೂ ಸರಳಿಗೂ ಸುತ್ತುತ್ತ ಹೋಗಿ, ಸಾಲು ತುಂಬಿದ ಮೇಲೆ ಸರಳಿನುದ್ದಕ್ಕೂ ಚಾಕು ಎಳೆಯುತ್ತಾರೆ. ಕುಣಿಕೆಗಳೆಲ್ಲ ಒಟ್ಟಿಗೆ ಕತ್ತರಿಸಿಹೋಗಿ ನಿಂತು ಗಂಬಳಿಯ ಮೈಯಾಗುತ್ತವೆ. ಆಮೇಲೆ ಕತ್ತರಿ ಹಿಡಿದು ಕಮಲದ, ಡ್ರ್ಯಾಗನ್ನಿನ ಅಂಚು ಕೊರೆಯುತ್ತಾರೆ. ಗ್ರಾಫಿನ ಒಂದು ಚೌಕಕ್ಕೆ ಒಂದು ಗಂಟು. ಮಲಗಲು ಹಾಸುವ ಮೂರಡಿ ಅಗಲ, ಆರಡಿ ಉದ್ದದ ಗಂಬಳಿಯಲ್ಲಿ ಚದರ ಇಂಚಿಗೆ 60 ಗಂಟು ಎಂದು ಹಿಡಿದರೂ ಒಟ್ಟು 1,55,520 ಗಂಟು. ಕಂಪ್ಯೂಟರಿನ ಪರದೆಯಲ್ಲಿ ಒಂದು ಹೂವನ್ನು ಹಿಗ್ಗಿಸಿದಾಗ ಚೌಕ ಚೌಕವಾಗಿ ಒಡೆದು ಕಾಣುತ್ತದಲ್ಲ, ಅದನ್ನು ಬೆರಳಲ್ಲಿ ಕಟ್ಟುವುದು ಎಂದರೇನು ಎಂಬುದು ಈ ಮಗ್ಗದ ಮುಂದೆ ಕೂತವರಿಗೆ ಗೊತ್ತು.

ಹೀಗೆ ಒಂದೇ ತಾಲ್ಲೂಕಿನಲ್ಲಿ ಎರಡು ಪಾಠಶಾಲೆಗಳಿವೆ. ಗಂಬಳಿ ಪೂರ್ತಿ ಚೌಕದ ಲೆಕ್ಕ, ಕೌದಿ ಯಾವ ಚೌಕಕ್ಕೂ ಸಿಗದ ಲೆಕ್ಕ. ಕೌದಿಯ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿ ಅದರ ಒಂದು ತುಂಡನ್ನೇ ಸಾಲಾಗಿ ಹರಡಿದರೆ ಚಂದದ ಬೆಡ್‌ಶೀಟ್ ಆಗಬಹುದು, ಮಾರಾಟವೂ ಆಗಬಹುದು. ಆದರೆ ಹೊಲಿದವಳ ತೀರ್ಮಾನಗಳೆಲ್ಲ ಅದರಲ್ಲಿ ಅಳಿಸಿಹೋಗುತ್ತವೆ, ಅವಳಿಗೆ ಬರಬೇಕಾದ ಹಣವೂ. ಆದ್ದರಿಂದ ವಿದ್ಯಾರ್ಥಿ ಮೊದಲು ಒಂದು ಕೌದಿಯನ್ನು ಮುಂದಿಟ್ಟುಕೊಂಡು ಬಣ್ಣದ ಪೆನ್ಸಿಲ್ಲಿನಲ್ಲಿ ತುಂಡು ತುಂಡಾಗಿ ಬರೆಯಬೇಕು, ಅವಳು ಎಲ್ಲಿ ಬಣ್ಣ ತಿರುಗಿಸಿದಳು ಎಂದು ಗುರುತು ಹಾಕಬೇಕು, ಕಂಪ್ಯೂಟರ್ ಆಮೇಲೆ.

ಇದನ್ನು ಕಲಿಸಲು ಹೊಸ ಕಟ್ಟಡವೇನೂ ಬೇಡ. ಉಜಿರೆಯಲ್ಲಿ 1982ರಲ್ಲಿ ಹುಟ್ಟಿದ, ಹಳ್ಳಿಯವರಿಗೆ ಸ್ವಉದ್ಯೋಗದ ತರಬೇತಿ ಕೊಡುವ ರುಡ್‌ಸೆಟ್ ಮಾದರಿ ದೇಶವೆಲ್ಲ ಹಬ್ಬಿದೆ. ಹಳಿಯಾಳದಲ್ಲೇ ಅದೇ ಮಾದರಿಯ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಇದೆ. ಇಂಥ ಸಂಸ್ಥೆಗಳಲ್ಲಿ ಊಟ, ವಸತಿ, ತರಬೇತಿ ಉಚಿತ. ಅಲ್ಲಿ ಹೊಲಿಗೆ ಯಂತ್ರದ ಪಕ್ಕದಲ್ಲಿ ಒಂದು ಗ್ರಾಫ್ ಹಾಳೆ, ಒಂದು ಕಂಪ್ಯೂಟರ್ ಇಡಬಹುದು. ಸಿದ್ದಿಯರಿರುವ ಗುಂಜಾವತಿಯಿಂದಲೋ ಮೈನಳ್ಳಿಯಿಂದಲೋ ಒಬ್ಬ ಅಜ್ಜಿಯನ್ನು ಕರೆದು ತಂದು, ಪ್ರದರ್ಶನದ ಬೊಂಬೆಯಾಗಿ ಕೂರಿಸದೆ, ಮೇಷ್ಟರಿಗೆ ಕೊಡುವಷ್ಟೇ ಸಂಬಳ ಕೊಟ್ಟು ಪಾಠ ಹೇಳಿಸಬಹುದು.

ಬೇಗ ಮಾಡಬೇಕು. ಮೆತ್ತಗಾದ ಹತ್ತಿ ಸೀರೆಯೇ ಈಗ ಮನೆಗಳಲ್ಲಿ ಅಪರೂಪ. ಪಾಲಿಯೆಸ್ಟರ್ ಸೂಜಿಗೆ ಜಾರುತ್ತದೆ, ಪದರ ಹಿಡಿಯುವುದಿಲ್ಲ. ಟಿಬೆಟನ್ ಕಾಲೊನಿಯ ಹುಡುಗರು ಚಳಿಗಾಲಕ್ಕೆ ಸ್ವೆಟರ್ ಮಾರಲು ದೂರದ ಪಟ್ಟಣಗಳಿಗೆ ಹೋಗುತ್ತಾರೆ, ಇಲ್ಲವೇ ವಿದೇಶಕ್ಕೆ. ಅಜ್ಜಿಯರು ಅವ್ವನ ಪಕ್ಕ ಕೂತು ಮೊದಲ ಸೂಜಿ ಹಿಡಿದ ವಯಸ್ಸಿನಲ್ಲಿ ಸಿದ್ದಿ ಹುಡುಗಿಯರು ಹಾಸ್ಟೆಲ್‌ನಲ್ಲಿದ್ದಾರೆ. ಅವರು ಓದಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಜೆಗೆ ಊರಿಗೆ ಬಂದಾಗ ಫುಲಾ ಮಡಿಸುವುದು ಹೇಗೆಂದು ಕೇಳಿದರೆ ತೋರಿಸಿಕೊಡುವ ಕೈಗಳು ಸದ್ಯಕ್ಕೆ ಇನ್ನೂ ಇವೆ.