ಒಂದೇ ಓಟದಲ್ಲಿ ಹಲವು ದೇಶ: ಸರಿಯೇ?

ಸಂಸೆಯ ಓದುಗರ ಪ್ರಶ್ನೆ: ಯುರೋಪಿಗೆ ಹೋದಾಗ ನೆರೆಹೊರೆಯ ನಾಲ್ಕೈದು ದೇಶಗಳನ್ನು ಒಟ್ಟಿಗೇ ನೋಡುವುದು ಒಳ್ಳೆಯದೇ, ಒಂದನ್ನೇ ನಿಧಾನವಾಗಿ ನೋಡುವುದೇ?

ಒಟ್ಟಿಗೇ ನೋಡುವುದು ಒಳ್ಳೆಯದು, ಆದರೆ ದೇಶಗಳನ್ನು ಭೂಗೋಳ ಆರಿಸಬೇಕು, ಆಸೆಯಲ್ಲ. ಸಂಸೆಯವರಿಗೆ ಬೆಂಗಳೂರಿನ ವಿಮಾನ ನಿಲ್ದಾಣ ಮುಟ್ಟುವುದೇ ಒಂದು ಹಗಲಿನ ಘಟ್ಟದ ದಾರಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟ ಬಿಟ್ಟು ಹೊರಡುವಂತೆಯೂ ಇಲ್ಲ. ಇಷ್ಟು ಕಷ್ಟಪಟ್ಟು ಸಿಗುವ ಬಿಡುವನ್ನು ಒಂದೇ ದೇಶಕ್ಕೆ ಕಟ್ಟಿಹಾಕಬೇಕಾದ ಅಗತ್ಯವನ್ನು 1985ರಲ್ಲಿ ಸಹಿಯಾದ ಷೆಂಗೆನ್ ಒಪ್ಪಂದ ತೆಗೆದುಹಾಕಿದೆ. ಇಂದು 29 ದೇಶಗಳಿಗೆ ಒಂದೇ ಅಲ್ಪಾವಧಿ ವೀಸಾ ಸಾಕು. 180 ದಿನಗಳಲ್ಲಿ ಗರಿಷ್ಠ 90 ದಿನ ಇರಬಹುದು. ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಹಾಕಬೇಕು, ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಬ್ರಿಟನ್ ಈ ಕೂಟದಲ್ಲಿಲ್ಲ, ಅದಕ್ಕೆ ಬೇರೆ ವೀಸಾ ಬೇಕು.

ಅವಸರದಲ್ಲಿ ಏನೂ ಮನಸ್ಸಿಗಿಳಿಯದು ಎಂಬ ಆಕ್ಷೇಪ ನಿಜವೇ. ಬೆಳಗ್ಗೆ ಒಂದು ರಾಜಧಾನಿ, ರಾತ್ರಿ ಇನ್ನೊಂದು ಎಂಬ ಪ್ಯಾಕೇಜುಗಳಲ್ಲಿ ಬಸ್ಸಿನ ಕಿಟಕಿಯೇ ಹೆಚ್ಚು ಕಾಣುತ್ತದೆ. ಆದರೆ ಆ ತಪ್ಪು ದೇಶಗಳ ಸಂಖ್ಯೆಯದಲ್ಲ, ಜಿಗಿತದ್ದು. ರೈನ್ ನದಿಯನ್ನೇ ಹಿಡಿದು ರೈಲಿನಲ್ಲಿ ಹೋಗಿ: ಸ್ವಿಟ್ಜರ್ಲೆಂಡಿನ ಬಾಸೆಲ್, ಫ್ರಾನ್ಸಿನ ಸ್ಟ್ರಾಸ್‌ಬರ್ಗ್, ಜರ್ಮನಿಯ ಕಲೋನ್, ನೆದರ್ಲೆಂಡ್ಸ್‌ನ ರಾಟರ್‌ಡ್ಯಾಂ. ಕುದುರೆಮುಖದ ಮಗ್ಗುಲಲ್ಲಿ ಹುಟ್ಟಿದ ಭದ್ರೆಯ ಜೊತೆಗೆ ಕಳಸ, ಬಾಳೆಹೊನ್ನೂರು, ಭದ್ರಾವತಿಗಳಿಗೆ ಇಳಿದವರಿಗೆ ಬೆಟ್ಟ ಬಯಲಾಗುವ ಬಗೆ ತಿಳಿಯುವಂತೆ, ಅಲ್ಲಿ ಭಾಷೆ, ಮನೆಯ ಮಾಡು, ಊಟ ಮೆಲ್ಲಗೆ ಬದಲಾಗುವುದು ಕಾಣುತ್ತದೆ. ಒಂದೇ ದೇಶದೊಳಗೆ ಕುಳಿತವರಿಗೆ ಈ ಹೋಲಿಕೆ ಸಿಗದು. ಪ್ರತಿ ಊರಿಗೂ ಮೂರು ರಾತ್ರಿಯಾದರೂ ಕೊಡಿ. ದಿನ ಸಾಲದಿದ್ದರೆ ಒಂದು ದೇಶವನ್ನು ಬಿಡಿ, ರಾತ್ರಿಗಳನ್ನು ಕಡಿಮೆ ಮಾಡಬೇಡಿ.